ಎರಡೂ ಬದಿ

ರಾತ್ರಿ ಹನ್ನೆರಡಕ್ಕೆ ಕ್ಲೋಸು ಮಾಮ, ಒಂದೇ ಒಂದು ಹಾಡು ಕಳಿಸಬೇಕು
ಅಂತ ಲಿಖಿತಾ ಓಡಿ ಬಂದಾಗ ನಾನು ಶಟರ್ ಅರ್ಧ ಎಳೆದಿದ್ದೆ.
ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಮೊಬೈಲು ಕವರು, ಚಾರ್ಜರು ತೂಗುವ ಈ ಗೂಡಿಗೆ
ಬೋರ್ಡು ಮಾತ್ರ ಇನ್ನೂ ‘ನಾದಪ್ರಿಯ ರೆಕಾರ್ಡಿಂಗ್’.

ಸ್ಪರ್ಧೆಯಂತೆ. ಹಾಡುವುದಲ್ಲ, ಆರಿಸುವುದು.
ಇಪ್ಪತ್ಮೂರು ಜನ, ಇಪ್ಪತ್ಮೂರು ಊರು,
ಯಾರ ಮುಖ ಯಾರೂ ಕಂಡಿಲ್ಲ.
ಈ ಸಲ ಅನಿಮೆ ಹಾಡು.
ಓ, ಜಪಾನಿನ ಗೊಂಬೆಚಿತ್ರ ಅಂದೆ.
ಗೊಂಬೆ ಅನ್ಬೇಡ, ಅಂದಳು. ಸಿಟ್ಟು ಬಂತು ಅವಳಿಗೆ.

ಇಯರ್‌ಫೋನಿನ ಒಂದು ತುದಿ ನನಗೆ, ಒಂದು ಅವಳಿಗೆ.
ಮೊದಲನೆಯದು ಗಿಟಾರು, ಹಗ್ಗ ಬಿಚ್ಚಿದ ಕರು.
ಇದಕ್ಕೆ ಅಂಕ ಗ್ಯಾರಂಟಿ, ಆದರೆ ಇನ್ನು ನಾಕು ಜನ ಇದನ್ನೇ ಕಳಿಸ್ತಾರೆ.
ಎರಡನೆಯದು ನೂರು ಗಂಟಲು, ತಮಟೆಯ ಅಣ್ಣನಂಥ ಡ್ರಮ್ಮು,
ಕತ್ತಿ ಹಿರಿಯುವಾಗ ಬರುತ್ತಂತೆ.
ಮೂರನೆಯದಕ್ಕೆ ಮಾತಿಲ್ಲ.
ಪಿಯಾನೊ, ಅದರ ಹಿಂದೆ ಯಾರೋ
ಕುರ್ಚಿ ಸರಿಸಿದ ಸಣ್ಣ ಕಿರಕ್ಕು.

ಹೆಸರೇನೇ ಇದರದ್ದು?
‘ಬಟ್ಟೆ ಒಣಗುವ ಮಧ್ಯಾಹ್ನ’.
ಹುಡುಗಿ ಅಕ್ಕನ ಅಂಗಿ ಮಡಿಸ್ತಾಳೆ, ಅಷ್ಟೇ ಸೀನು.
ಅಕ್ಕ ಅಷ್ಟೊತ್ತಿಗೆ ಇರಲ್ಲ.
ಬಿಡು, ಇದಕ್ಕೆ ಯಾರು ಅಂಕ ಹಾಕ್ತಾರೆ.

ನನಗೆ ಜಪಾನು ಗೊತ್ತಿಲ್ಲ. ಹತ್ತೊಂಬತ್ತು ವರ್ಷ
ಬೇರೆಯವರ ಚೀಟಿ ನೋಡಿ ಕ್ಯಾಸೆಟ್ಟು ತುಂಬಿದವನು ನಾನು.
ಲಾರಿಯವರ ಚೀಟಿ ಬೇರೆ, ಬೀಗರ ಊಟದ ಚೀಟಿ ಬೇರೆ.
ಹಾಸ್ಟೆಲ್ ಹುಡುಗರು ಪಟ್ಟಿ ಕೊಟ್ಟರೆ
ಹುಡುಗಿ ಒಪ್ಪಿದ್ದಾಳೋ ಇಲ್ಲವೋ ನಾಕನೇ ಹಾಡಿಗೇ ತಿಳಿಯುತ್ತಿತ್ತು.

ಒಮ್ಮೆ ಸಾಲಗಾಮೆ ರೋಡಿನ ಟೈಪಿಂಗ್ ಕ್ಲಾಸಿನ ಮೇಡಮ್ಮು,
ಪುಷ್ಪಲತಾ ಅಂತ, ಚೀಟಿಯಲ್ಲಿ ಒಂದೇ ಸಾಲು ಬರೆದು ತಂದರು.
ಎರಡೂ ಬದಿ ಇದೇ ಹಾಡು.
ಮೇಡಂ, ಅರವತ್ತು ನಿಮಿಷದ ಕ್ಯಾಸೆಟ್ಟು ಅಂದೆ.
ಗೊತ್ತು ಅಂದರು.
ಹಾಡು ನಾಕು ನಿಮಿಷ ಹತ್ತು ಸೆಕೆಂಡು.
ಬದಿಗೆ ಏಳು ಸಲ ಕೂತು ಐವತ್ತು ಸೆಕೆಂಡು ಮಿಗುತ್ತೆ,
ಅಲ್ಲಿ ಒಂಚೂರು ದೇವರನಾಮ ಹಾಕಲಾ?
ಬೇಡ. ಅಷ್ಟು ಹೊತ್ತು ಸುಮ್ಮನಿರಲಿ.

ತುಂಬುವವನು ಕೇಳಲೇಬೇಕಲ್ಲ.
ಮೂರನೇ ಸಲಕ್ಕೆ ಬೇಜಾರು, ಐದನೇ ಸಲಕ್ಕೆ ಬೈಗುಳ,
ಒಂಬತ್ತನೇ ಸಲ, ಚರಣ ಮುಗಿದು ಪಲ್ಲವಿ ಹಿಡಿಯುವ ಮುಂಚೆ
ಹಾಡುವವನು ಉಸಿರು ತಗೊಂಡದ್ದು ಕೇಳಿಸಿತು.
ಆಮೇಲೆ ಅದೊಂದಕ್ಕೇ ಕಾದೆ.
ಯಾಕೆ ಬೇಕಿತ್ತು ಅಂತ ಅವರನ್ನು ಕೇಳಲಿಲ್ಲ. ದುಡ್ಡು ತಗೊಂಡೆ,
ಇಪ್ಪತ್ತೆರಡು ರೂಪಾಯಿ, ಇವತ್ತಿಗೂ ಒಂಥರಾ.

ಇದನ್ನೆಲ್ಲ ಲಿಖಿತಾಗೆ ಹೇಳಲಿಲ್ಲ. ಹನ್ನೊಂದೂ ನಲವತ್ತಾಗಿತ್ತು.
ಇಷ್ಟೇ ಕೇಳಿದೆ:
ಎರಡೂ ಬದಿ ಒಂದೇ ತುಂಬಬೇಕು ಅಂದರೆ
ಮೂರರಲ್ಲಿ ಯಾವುದು?

ಅವಳು ಉಗುರು ಕಚ್ಚಿದಳು.
ಕೊನೇ ಅರಕಲಗೂಡು ಬಸ್ಸಿನ ಕಂಡಕ್ಟರು ಕೂಗಿ ಕೂಗಿ ಸುಸ್ತಾದ.
ಚಾರ್ಜರುಗಳ ಕೆಂಪು ದೀಪ, ಹಸಿರು ದೀಪ.
ಕೊನೆಗೆ ಏನೂ ಅನ್ನದೆ ಹೆಬ್ಬೆರಳು ಒತ್ತಿದಳು,
ಯಾವುದು ಅಂತ ನನಗೆ ತೋರಿಸಲೂ ಇಲ್ಲ.

ಎಂಟು ದಿನಕ್ಕೆ ಫಲಿತಾಂಶ. ಹತ್ತೊಂಬತ್ತನೇ ಸ್ಥಾನ.
ಕತ್ತಿ ಹಿರಿಯುವ ಹಾಡು ಗೆದ್ದಿತಂತೆ, ಬೇರೆ ಯಾರೋ ಕಳಿಸಿದ್ದು.
ನಿನ್ನ ಮಾತು ಕೇಳಿ ಕೆಟ್ಟೆ ಅಂತ ಬೈದಳು,
ಬೈದು ಕೌಂಟರಿನ ಮೇಲೆ ಕೂತಳು,
ಒಬ್ಬರು ಮಾತ್ರ ಪೂರ್ತಿ ಹನ್ನೆರಡು ಕೊಟ್ಟಿದಾರೆ ಮಾಮ,
ಪೋರ್ಚುಗಲ್ಲಿನವರು. ‘ಕುರ್ಚಿ’ ಅಂತ ಬರೆದಿದಾರೆ.
ಇನ್ನೇನೂ ಇಲ್ಲ. ಬರೀ ಕುರ್ಚಿ.

ಅಟ್ಟದಲ್ಲಿ ಸೀಲು ಒಡೆಯದ ಕ್ಯಾಸೆಟ್ಟು ಒಂದಿತ್ತು.
ಮಿಷನ್ನಿನ ಬೆಲ್ಟು ಸಡಿಲ, ಹಾಡು ಅರ್ಧ ಸ್ವರ ಕೆಳಗಿಳಿಯುತ್ತೆ ಅಂದೆ.
ಎಷ್ಟು ಸಲ ಹಿಡಿಯುತ್ತೆ ಒಂದು ಬದಿಗೆ?
ಲೆಕ್ಕ ಹಾಕಲು ಪೆನ್ನು ಹುಡುಕಿದೆ.