ಎಪ್ಪತ್ತೆರಡನೇ ಪುಟ

ಶಾರ್ಜಾದ ರೋಲಾದಲ್ಲಿ, ನನ್ನ ಟೈಪಿಂಗ್ ಸೆಂಟರಿನ
ಜೆರಾಕ್ಸ್ ಯಂತ್ರದ ಹಿಂದೆ, ಒಂದು ಕಪಾಟು.
ವೀಸಾ ರದ್ದು ಮಾಡಿಸಲು ಬಂದವರು
ಸಹಿ ಹಾಕಿ, ಏಳುವಾಗ ಒಂದು ಚೀಲ ಇಡುತ್ತಾರೆ:
"ಮೂವತ್ತು ಕಿಲೋ ದಾಟಿದರೆ ಬಿಡುವುದಿಲ್ಲ ಮಾರಾಯ್ರೆ,
ಇದು ನಿಮ್ಮಲ್ಲಿರಲಿ."
ಬಾಣಲೆಯನ್ನು ಯಾರೂ ಬಿಟ್ಟದ್ದಿಲ್ಲ.
ಪುಸ್ತಕ ಬಿಡುತ್ತಾರೆ.

ಪಡುವಣದ ಗಾಜು. ಮೂರು ಬೇಸಿಗೆಯಲ್ಲಿ ಬಿಸಿಲು
ಬೆನ್ನ ಮೇಲಿನ ಹೆಸರುಗಳನ್ನೆಲ್ಲ ನೆಕ್ಕಿಬಿಟ್ಟಿತು,
ಕೆಂಪು ಮೊದಲು, ನೀಲಿ ಕೊನೆಗೆ.
ಈಗ ದಪ್ಪದಿಂದ ಗುರುತಿಸುತ್ತೇನೆ,
ವಾಸನೆಯಿಂದ, ಒಳಗೆ ಯಾರೋ ಮರೆತ ಬಸ್ ಟಿಕೆಟಿನಿಂದ.

ಕೆಳಗೆ ಕರಕ್ ಚಹಾ ಕಾಯಿಸುವ ಅಬೂಸಾಲಿಯ ಮಗಳು
ಮಿಶ್ರಿಯಾ. ಹದಿನಾರು ವರ್ಷ.
ಶಾಲೆಯ ಲೈಬ್ರರಿಯನ್ನು ಮುಗಿಸಿಬಿಟ್ಟಿದ್ದಾಳಂತೆ,
ಕೋಳಿ ಅಂಗಳದ ಕಾಳು ಮುಗಿಸಿದ ಹಾಗೆ.
"ಮಕ್ಕಳದ್ದು ಬೇಡ ಅಂಕಲ್. ದೊಡ್ಡವರದ್ದೇ ಬೇಕು ಅಂತಲೂ ಅಲ್ಲ.
ಒಳ್ಳೇದು ಕೊಡಿ."

ಒಳ್ಳೇದು!
ಪಾಸ್‌ಪೋರ್ಟಿನ ಹೆಸರಲ್ಲಿ ಒಂದಕ್ಷರ ತಪ್ಪದಂತೆ
ಬಡಿಯುವುದಷ್ಟೇ ಗೊತ್ತಿದ್ದವನು ನಾನು.

ಪತ್ತೇದಾರಿ ಕೊಟ್ಟು ನೋಡಿದೆ. ಕೊಲೆಗಾರ ಯಾರೆಂದು
ನಲವತ್ತನೇ ಪುಟದಲ್ಲೇ ಗೊತ್ತಾಗುತ್ತದೆ;
ಗೊತ್ತಿದ್ದೂ ಊರು ಅವನಿಗೆ ದಿನಾ ಯಾಕೆ ಚಹಾ ಕೊಡುತ್ತದೆ
ಎಂಬುದೇ ಉಳಿದ ಇನ್ನೂರು ಪುಟ.
ಮರುದಿನವೇ ಬಂದಳು. ಕಣ್ಣು ಕೆಂಪು.
"ಇನ್ನೊಂದು."

ತಿಮಿಂಗಿಲದ ಕಿವಿಯ ಬಗ್ಗೆ ಒಂದಿದೆ. ನಗಬೇಡ, ಕಿವಿಯ ಬಗ್ಗೆಯೇ.
ಬರೆದಾಕೆ ಹನ್ನೊಂದು ವರ್ಷ ದೋಣಿಯಲ್ಲಿ ಕೂತಿದ್ದಳು,
ನೀನೂ ಸ್ವಲ್ಪ ಕೂರು.
ಇದು ಗಣಿತ, ಸೊನ್ನೆಯೇ ಕಥಾನಾಯಕ, ಒಳ್ಳೆಯ ಕಳ್ಳ ಅವನು.
(ಮೂರನೇ ದಿನಕ್ಕೆ ತಂದಿಟ್ಟಳು:
"ನೂರಾ ಹನ್ನೆರಡರಲ್ಲಿ ಲೆಕ್ಕ ತಪ್ಪಿದೆ.")
ಇದು ನೀನು ಹುಟ್ಟಿದ ಈ ಕಡಲಿನದ್ದೇ,
ಮುತ್ತು ಹೆಕ್ಕುವವರ ಸಾಲದ ಚರಿತ್ರೆ:
ಅಪ್ಪನ ಬಾಕಿಯನ್ನು ಮಗ ಮುಳುಗಿ ಮುಳುಗಿ ತೀರಿಸುತ್ತಿದ್ದ.
ಓದಿದ ಮೇಲೆ ಸೂಕಿನ ಮುತ್ತಿನಂಗಡಿ
ಮೊದಲಿನ ಹಾಗೆ ಹೊಳೆಯುವುದಿಲ್ಲ, ಹೇಳಿದ್ದೇನೆ.
ಮಂಗಳ ಗ್ರಹದಲ್ಲಿ ಬಾಡಿಗೆ ಕೋಣೆ ಹುಡುಕುವವರ ಕತೆಯೂ ಇದೆ,
ಒಂದೇ ಕೋಣೆಯಲ್ಲಿ ಎಂಟು ಮಂಚ ಕಂಡವರಿಗೆ
ಅದು ಅಷ್ಟೇನೂ ವಿಚಿತ್ರವಲ್ಲ.
ಕವಿತೆಯಾದರೆ ರಾತ್ರಿಗೊಂದೇ.
ಎರಡು ಓದಿದರೆ ಮೊದಲನೆಯದಕ್ಕೆ ಸಿಟ್ಟು.

ಒಂದು ಸಂಜೆ ಅಬೂಸಾಲಿ ಮೆಟ್ಟಿಲು ಹತ್ತಿ ಬಂದ.
"ಇವುಗಳಲ್ಲಿ ಕೆಟ್ಟದ್ದು ಏನೂ ಇಲ್ಲ ಅಲ್ಲವಾ?"
"ಇದೆ" ಎಂದೆ. "ಕೊಲೆ ಇದೆ, ಮೋಸ ಇದೆ,
ಮಕ್ಕಳನ್ನು ಬಿಟ್ಟು ಹೋಗುವ ಅಪ್ಪಂದಿರಿದ್ದಾರೆ.
ಅವಳು ಅದನ್ನೆಲ್ಲ ಕೂತಲ್ಲೇ ನೋಡಿ
ಎಂಟು ಗಂಟೆಗೆ ನಿನ್ನ ಲೋಟ ತೊಳೆಯಲು ಇಳಿಯುತ್ತಾಳೆ."
ಅವನು ತುಂಬ ಹೊತ್ತು ಜೆರಾಕ್ಸ್ ಯಂತ್ರವನ್ನೇ ನೋಡಿದ.
ಮರುದಿನದಿಂದ ನನ್ನ ಚಹಾಕ್ಕೆ ಏಲಕ್ಕಿ ಜಾಸ್ತಿ.

ಆಮೇಲೆ ಅವಳು ಕೇಳಿದ್ದು:
"ಇದೆಲ್ಲ ನೀವು ಓದಿ ಮುಗಿಸಿದ್ದು.
ನಿಮ್ಮಿಂದ ಆಗದ್ದು ಯಾವುದು?"

ಡ್ರಾಯರಿನಲ್ಲಿತ್ತು, ಸ್ಟಾಂಪ್ ಪ್ಯಾಡಿನ ಕೆಳಗೆ.
ಬಿಸಿಲು ಮುಟ್ಟದ ಒಂದೇ ಒಂದು.
ಮೂರು ಸಲ ಹಿಡಿದಿದ್ದೆ, ಮೂರು ಸಲವೂ
ಎಪ್ಪತ್ತೆರಡಕ್ಕೆ ಬಿಟ್ಟೆ: ಅಲ್ಲೊಬ್ಬ
ಮನೆಗೆ ಮರಳಿ, ಬಾಗಿಲು ತಟ್ಟುವ ಮುನ್ನ
ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿರುತ್ತಾನೆ.
ಒಂಬತ್ತು ಪುಟ. ಬರೀ ಚಪ್ಪಲಿ.
ನನಗೆ ಬಂದದ್ದು ನಿದ್ದೆಯೋ ಹೆದರಿಕೆಯೋ
ಈಗಲೂ ಗೊತ್ತಿಲ್ಲ.

ಎರಡು ವಾರ ಅವಳ ಪತ್ತೆಯಿಲ್ಲ.
ಬಂದವಳು ಪುಸ್ತಕವನ್ನು ಕೀಬೋರ್ಡಿನ ಮೇಲೇ ಇಟ್ಟಳು.
ಪರದೆಯ ಅರ್ಜಿಯಲ್ಲಿ ಯಾರದೋ ಹೆಸರು ಉದ್ದವಾಯಿತು.
"ಎಪ್ಪತ್ತೆರಡಕ್ಕೆ ಬಿಡುವ ಹಾಗೇ ಬರೆದಿದ್ದಾರೆ ಅಂಕಲ್.
ಎಪ್ಪತ್ತಮೂರರಿಂದ ಒಳಗಿನವಳು ಮಾತಾಡ್ತಾಳೆ."
"ಬಾಗಿಲು ತೆಗೀತಾಳಾ?"
ಹೇಳಲಿಲ್ಲ. ಇಳಿದುಹೋದಳು.

ಟೋಕನ್ ನಲವತ್ತೇಳು ಎದುರಿಗೆ ನಿಂತಿದ್ದ,
ಕೈಯಲ್ಲಿ ರದ್ದತಿಯ ಅರ್ಜಿ, ಕಂಕುಳಲ್ಲಿ ಚೀಲ.
ಒಂದು ನಿಮಿಷ ಎನ್ನಲು ಹೋಗಿ
"ಕೂತ್ಕೊಳ್ಳಿ" ಎಂದೆ, "ಒಂದು ಪುಟ."