ಆರು ನಂಬರಿನ ಅಂಗಿ

ಒಂದು ನಿಮಿಷ ಮೌನ ಅಂದರು ಮೈಕಿನಲ್ಲಿ.
ಬೈತಕೋಲದ ಬೋಟುಗಳಿಗೆ ಯಾರೂ ಹೇಳಿರಲಿಲ್ಲ,
ಡಗಡಗ ಎನ್ನುತ್ತಲೇ ಇದ್ದವು.
ಐಸ್ ಫ್ಯಾಕ್ಟರಿಯ ಇನಾಸನಿಗೆ ಕೆಮ್ಮು.
ಮಧ್ಯದ ಗೆರೆಯ ಮೇಲಿಟ್ಟ ಚೆಂಡು
ಕಡಲ ಗಾಳಿಗೆ ತಾನೇ ಉರುಳಿ
ಎದುರು ತಂಡದ ಹುಡುಗನ ಕಾಲಿಗೆ ಹೋಗಿ ನಿಂತಿತು.
'ವಾಮನ ಇದ್ದಿದ್ರೆ ಬಿಡ್ತಿದ್ನಾ'
ಅಂದಳು ಮುಕ್ತಾ, ಪಿಸುಮಾತಲ್ಲೇ, ಆದರೆ
ಮೀನು ಮಾರಿದ ಗಂಟಲು, ಇಡೀ ಮೈದಾನಕ್ಕೆ ಕೇಳಿಸಿತು.
ಇನ್ನೂ ಇಪ್ಪತ್ತು ಸೆಕೆಂಡು ಬಾಕಿಯಿದ್ದ ಮೌನ
ಅಲ್ಲಿಗೆ ಮುಗಿಯಿತು.

ನಾನು ದರ್ಜಿ. ಆಡಿದವನಲ್ಲ.
ಅಳಿವೆ ಸ್ಪೋರ್ಟ್ಸ್ ಕ್ಲಬ್ಬಿನ ಹನ್ನೊಂದು ಅಂಗಿ,
ನೀಲಿ ಪಾಪ್ಲಿನ್ನು, ಸಾಲದ ಮೇಲೆ ಹೊಲಿದುಕೊಟ್ಟವನು.
ಸಾಲ ಇನ್ನೂ ಇದೆ. ಈಗ ಯಾರನ್ನು ಕೇಳಲಿ.
ಎಪ್ಪತ್ತೆಂಟರ ಟೂರ್ನಮೆಂಟಿಗೆ
ಚಿಮಣಿ ಬೆಳಕಲ್ಲಿ ನಂಬರು ಹಚ್ಚುತ್ತ
ಅವನ ಆರನ್ನು ತಲೆಕೆಳಗು ಹೊಲಿದೆ.
ಮೈದಾನದಲ್ಲಿ ಇಬ್ಬರು ಒಂಬತ್ತು!
ಅಂಕೋಲೆಯವರು ತಬ್ಬಿಬ್ಬಾಗಿ
ಇಬ್ಬಿಬ್ಬರನ್ನು ಇವನ ಬೆನ್ನಿಗೆ ಬಿಟ್ಟರು.
ಇವನೋ ನಡುವಲ್ಲೇ ನಿಂತು
ಗೋಲಿನ ಕಡೆ ತಿರುಗಿಯೂ ನೋಡದೆ
ಚೆಂಡು ಹಂಚಿದ, ಪಂಕ್ತಿಯಲ್ಲಿ ಉಪ್ಪು ಬಡಿಸಿದ ಹಾಗೆ.
ಯಾರಿಗೂ ಹೆಚ್ಚಿಲ್ಲ, ಯಾರ ಎಲೆಯೂ ಬರಿದಲ್ಲ.
ಮೂರು ಸೊನ್ನೆ ಗೆದ್ದೆವು.
ಸಂಜೆ ಅಂಗಡಿಗೆ ಬಂದು ಅಂದ:
'ಬಿಚ್ಚಬೇಡ ಮಾಸ್ತರ, ಹೀಗೇ ಇರಲಿ.'

ಐದಡಿ ಎರಡಂಗುಲ. ಹೆಸರಿಗೆ ತಕ್ಕವ.
ಮೊದಲ ಹೆಜ್ಜೆ ಕಾಣುತ್ತಿತ್ತು, ಎರಡನೆಯದೂ.
ಮೂರನೆಯದು ಎಲ್ಲಿ ಬೀಳುತ್ತದೆಂದು
ತಲೆ ಕೊಟ್ಟ ಮೇಲೇ ಗೊತ್ತಾಗೋದು.

ಅವನಪ್ಪ ರಂಪಣಿ ಬಲೆಯ ತಾಂಡೇಲ.
ದಂಡೆಯ ಮೇಲೆ ನಿಂತು, ನೀರಿನ ಬಣ್ಣ ನೋಡಿ
ಬಂಗಡೆ ಎಲ್ಲಿದೆಯೆಂದು ಕೈ ಎತ್ತಿ ತೋರುವವನು.
ಎರಡೂ ತುದಿಗೆ ನೂರು ಜನ ಹಗ್ಗ ಜಗ್ಗುತ್ತಿದ್ದರೆ
ಅವನ ಕೈಯಲ್ಲಿ ಹಗ್ಗವೇ ಇಲ್ಲ.
ಮಗ ಕಲಿತದ್ದು ಅದನ್ನೇ, ಅನ್ನುತ್ತಾನೆ ಇನಾಸ.
ಇರಬಹುದು. ನಮ್ಮವರು ಓಡುವ ಮೊದಲೇ
ಓಡಬೇಕಾದ ಜಾಗಕ್ಕೆ ಚೆಂಡು ಹೋಗಿ ಕಾಯುತ್ತಿತ್ತು.
ಓಡದವರು ಬೈಸಿಕೊಂಡರು,
ಅವನಿಂದಲ್ಲ, ಮುಕ್ತಾಳಿಂದ.
'ದೀ ರೇ ವಾಮನಾ, ದೀ!'
ಹೊಳೆ ದಾಟಿ ಸದಾಶಿವಗಡಕ್ಕೆ ಹೋಗಿ ಬರುತ್ತಿತ್ತು ಆ ಕೂಗು.

ಆಮೇಲೆ ಮಡಗಾಂವದ ಕ್ಲಬ್ಬು, ಬಂದರಿನ ನೌಕರಿ,
ಎದೆಯ ಮೇಲೆ ದೇಶದ ಹೆಸರು, ಹನ್ನೊಂದು ಸಲ.
ಆ ಅಂಗಿ ನಾನು ಹೊಲಿದದ್ದಲ್ಲ.

ಕೌಲಾಲಂಪುರದ ಪಂದ್ಯದ ದಿನ
ಇಡೀ ಕೋಡಿಬಾಗಕ್ಕೆ ಒಂದು ಟೀವಿ, ಕಸ್ಟಮ್ಸ್ ಗುಮಾಸ್ತರದು.
ಕಿಟಕಿಗೆ ಜೋತುಬಿದ್ದು ನೋಡಿದೆವು, ಅರ್ಧ ಆಟ, ಅರ್ಧ ಮಂಜು.
ಎಂಬತ್ತಮೂರನೇ ನಿಮಿಷ. ಚೆಂಡು ಇವನ ಕಾಲಲ್ಲಿ.
ಕರೆಂಟು ಹೋಯಿತು.
ಬಂದಾಗ ಯಾರನ್ನೋ ಎಲ್ಲರೂ ತಬ್ಬಿಕೊಂಡಿದ್ದರು.
ಇವನು ದೂರದಲ್ಲಿ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ.
ಅಷ್ಟು ಸಾಕಾಯಿತು ನಮಗೆ. ಪಾಸು ಇವನದೇ.

ಎಡಗಾಲು, ಇನಾಸನ ಪ್ರಕಾರ, ಹೊರಬದಿಯಿಂದ.
ಸೋಡಾದ ಖಾದರ ಸಾಬರು ಸಾಯುವವರೆಗೂ ಹಿಮ್ಮಡಿ ಅಂದರು.
ಚೆಂಡು ಕಾಳಿ ಹೊಳೆಯ ಹಾಗೆ ಬಾಗಿತ್ತು ಅನ್ನುತ್ತಾಳೆ ಮುಕ್ತಾ,
ಕಡಲು ಕಂಡೊಡನೆ ಒಂಚೂರು ತಡೆದು.
ರಿಟೈರಾಗಿ ಬಂದು ಹುಡುಗರಿಗೆ ಕಲಿಸುತ್ತಿದ್ದಾಗ
ಅಳತೆ ಕೊಡಲು ನಿಂತವನನ್ನು ಕೇಳಿಯೇ ಬಿಟ್ಟೆ.
ಟೇಪು ಎದೆಯ ಸುತ್ತ ಇತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ.
ನಕ್ಕ. 'ನಾನೂ ನೋಡಿಲ್ಲ ಮಾಸ್ತರ,
ಕೊಟ್ಟ ಮೇಲೆ ತಿರುಗಿ ನೋಡೋ ಅಭ್ಯಾಸ ಇಲ್ಲ.
ನಿನಗೆ ಹೇಗೆ ಕಂಡಿತು?'
ಕರೆಂಟಿನ ವಿಷಯ ಹೇಳಲು ನಾಚಿಕೆಯಾಗಿ
ಬಲಗಾಲು ಅಂದೆ.
'ಹಾಗಾದ್ರೆ ಬಲಗಾಲೇ.'
ಎದೆ ಎರಡಂಗುಲ ಇಳಿದಿತ್ತು.
ಬರೆದುಕೊಂಡೆ. ಹೇಳಲಿಲ್ಲ.

ಇವತ್ತಿನ ಅಂಗಿಗಳು ಬೆಳಗಾವಿಯಿಂದ ಅಚ್ಚಾಗಿ ಬಂದಿವೆ.
ಆರನ್ನು ಇನ್ನು ಯಾರೂ ತೊಡಬಾರದೆಂದು ಕಮಿಟಿಯ ಠರಾವು,
ಇನಾಸ ಅಳುತ್ತಲೇ ಅನುಮೋದಿಸಿದ್ದ.
ಆದರೂ ನಡುವಲ್ಲೊಬ್ಬ ಬೇಕಲ್ಲ,
ಎರಡು ಒಂಬತ್ತು ತರಿಸಿದ್ದಾರೆ.
ಹೊನ್ನಾವರದ ರೆಫರಿ ಒಪ್ಪುತ್ತಿಲ್ಲ,
ನಿಯಮದ ಪುಸ್ತಕ ತೆಗೆದಿದ್ದಾನೆ.
ಅವನಿಗೆ ತಿಳಿಸಿ ಹೇಳಲು ಅರ್ಧ ಊರು ಮೈದಾನಕ್ಕಿಳಿದಿದೆ,
ಎಲ್ಲರೂ ಒಟ್ಟಿಗೇ, ಒಬ್ಬೊಬ್ಬರು ಒಂದೊಂದು ಇಸವಿ ಹೇಳುತ್ತ.
ಎರಡನೇ ಒಂಬತ್ತು, ಮಾಜಾಳಿಯ ಹುಡುಗ,
ಇದಾವುದೂ ತನಗಲ್ಲವೆಂಬಂತೆ
ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದಾನೆ.