ತಣಿಯುವವರೆಗೆ

ಕಣ್ಣಿಗಿಂತ ಮೊದಲು ಕೈ, ಅಂದಿದ್ದ ಮೂರ್ನಾಡಿನ ಮೊಯ್ದು
ಗ್ಯಾರೇಜಿನ ಬಾಗಿಲಲ್ಲಿ ಬೀಡಿ ಆರಿಸುತ್ತ.
ಬಣ್ಣ ನೋಡಬೇಡಿ ಸಿಸ್ಟರೇ,
ಬಣ್ಣ ಡಬ್ಬಿಯಲ್ಲಿ ಸಿಗುತ್ತದೆ.
ಹೋದ ಕೂಡಲೇ ಎಂಜಿನ್ನು ಮುಟ್ಟಿ.

ಮುಟ್ಟಿದೆ.
ಜನವರಿಯ ಏಳು ಗಂಟೆ. ಕಣದಲ್ಲಿ ಹರವಿದ ಕಾಫಿಹಣ್ಣಿನ ಮೇಲೆ
ಇನ್ನೂ ಮಂಜಿನ ನೀರು.
ನನ್ನ ಬೆರಳೇ ಮರಗಟ್ಟಿದ್ದ ಹೊತ್ತಿನಲ್ಲಿ
ಎಂಜಿನ್ನು ಈಗಷ್ಟೇ ಈದ ಹಸುವಿನ ಕೆಚ್ಚಲಿನಂತೆ
ಬೆಚ್ಚಗೆ.

'ಎರಡು ದಿನದಿಂದ ಸ್ಟಾರ್ಟೇ ಮಾಡಿಲ್ಲ,' ಅಂದರು ಬೆಳ್ಯಪ್ಪ.
'ಒಂದೇ ಕಿಕ್ಕು. ಬೇಕಾದರೆ ಈಗಲೇ...'
ಕಾಲೆತ್ತಿಯೇ ಬಿಟ್ಟಿದ್ದರು.

ದಿನಕ್ಕೆ ಮೂವತ್ತು ಹಣೆ ಮುಟ್ಟುವವಳು ನಾನು.
ಜ್ವರ ಇಲ್ಲ ಅನ್ನುವವರ ಜೊತೆ ಜಗಳವಾಡುವುದಿಲ್ಲ.
'ಆರಲಿ,' ಅಂದೆ. 'ಇವತ್ತು ಭಾನುವಾರ.'
ಅವರು ಕಾಲಿಳಿಸಿದರು.
ಏನು ಆರಲಿ ಎಂದು ಕೇಳಲಿಲ್ಲ.

ಜಗಲಿಗೆ ಬೆಲ್ಲದ ಕಾಫಿ ಬಂತು.
ಅಂಗಳದಲ್ಲಿ ಸ್ಪ್ಲೆಂಡರ್ ಟಿಕ್ ಟಿಕ್ ಎನ್ನುತ್ತ
ಒಳಗೊಳಗೇ ಕುಗ್ಗುತ್ತಿತ್ತು.
ಮೀಟರಿನಲ್ಲಿ ಹದಿನೆಂಟು ಸಾವಿರ.
ಗೇರಿನ ರಬ್ಬರು ಸವೆದು ಸವೆದು
ಕಬ್ಬಿಣ ಹಲ್ಲು ಬಿಟ್ಟಿತ್ತು.
ಹಲಸಿನ ಬುಡದಲ್ಲಿ ಒಂದು ಮೊರದಷ್ಟು ಕಾಫಿಸಿಪ್ಪೆ,
ಹೊಸದಾಗಿ ಸುರಿದದ್ದು. ಎದ್ದು ಹೋಗಿ
ಚಪ್ಪಲಿಯ ತುದಿಯಿಂದ ಸರಿಸಿದೆ.
ಅಂಗೈ ಅಗಲ ಎಣ್ಣೆಯ ಕಪ್ಪು.
ಸಿಪ್ಪೆ ಮತ್ತೆ ಮುಚ್ಚಿ ಬಂದು ಕೂತೆ.

ಅವರು ಆನೆಯ ಮಾತು ತೆಗೆದರು.
ಕಾಳುಮೆಣಸಿನ ರೇಟು. ಕರೆಂಟಿಲ್ಲದ ಒಂಬತ್ತು ದಿನ.
ಆಮೇಲೆ, ಲೋಟದೊಳಗೆ ನೋಡುತ್ತ:
'ಒಂಚೂರು ಎಣ್ಣೆ ಸೋರುತ್ತದೆ. ಒಂಚೂರೇ.'

ಎಂಟೂವರೆಗೆ:
'ಮೀಟರು ಒಂದು ಮಳೆಗಾಲ ಕೆಟ್ಟಿತ್ತು.'
'ಒಂದೇ?'
'ಮೂರು.'

ಅಡುಗೆಮನೆಯಿಂದ ಬೊಳ್ಳವ್ವ, ಒಗ್ಗರಣೆಯ ಸದ್ದಿನ ಮೇಲೆ:
'ಬಿದ್ದದ್ದನ್ನೂ ಹೇಳಿಬಿಡಿ!'
ಬೆಳ್ಯಪ್ಪ ಪ್ಯಾಂಟು ಮಡಚಿ ಮೊಣಕಾಲು ತೋರಿಸಿದರು.
ಏಳು ಹೊಲಿಗೆ. ಕೊನೆಯದು ಸೊಟ್ಟ.
ಅದು ನಮ್ಮ ಆಸ್ಪತ್ರೆಯದೇ, ಆ ಸೊಟ್ಟ ಕೈ ನನಗೆ ಗೊತ್ತು.
'ಅಂದಿನಿಂದ ಹ್ಯಾಂಡಲ್ಲು
ಎಡಕ್ಕೆ ಎಳೆಯುತ್ತದೆ,' ಅಂದರು.
ನಾನು ಹೇಳಲಿಲ್ಲ, ಅವರೂ ಎಡಕ್ಕೇ ವಾಲಿ ನಡೆಯುತ್ತಾರೆ.

ಒಂಬತ್ತೂಮುಕ್ಕಾಲಿಗೆ ಕೊನೆಯದು.
ಕೇಳಿದ್ದಲ್ಲ, ಎಳೆದದ್ದಲ್ಲ, ತಾನಾಗಿ ಬಂದದ್ದು:
'ಎರಡನೇ ಗೇರು ಜಾರುತ್ತದೆ. ಎಲ್ಲ ಕಡೆ ಅಲ್ಲ.
ಬೇತ್ರಿ ಸೇತುವೆ ದಾಟಿ ಏರು ಹಿಡಿಯುವಾಗ
ಎಡಕ್ಕೊಂದು ಹಳೇ ಮೈಲಿಗಲ್ಲು, ಪಾಚಿ ಹಿಡಿದದ್ದು,
ಅಲ್ಲಿ. ಬೈಯಬೇಡಿ.
ಕ್ಲಚ್ಚು ಹಿಡಿದು ಮತ್ತೆ ಹಾಕಿದರೆ ಕೂರುತ್ತದೆ.'

ಎದ್ದು ಮುಟ್ಟಿದೆ. ಕಲ್ಲಿನಷ್ಟು ತಣ್ಣಗೆ.
'ಈಗ ಹೊಡೆಯಿರಿ.'

ಒಂದು. ಎರಡು. ಮೂರು.
ನಾಲ್ಕಕ್ಕೆ ಕೆಮ್ಮಿತು.
ಐದಾದ ಮೇಲೆ ಟ್ಯಾಂಕಿನ ಮೇಲೆ ಅಂಗೈಯಿಟ್ಟು
ಕೊಡವ ತಕ್ಕಿನಲ್ಲಿ ಏನೋ ಗೊಣಗಿದರು,
ನನಗೆ ಹೇಳಿದ್ದಲ್ಲ.
ಆರಕ್ಕೆ ಹಿಡಿಯಿತು.
ಹೊಗೆ ನೀಲಿಯಾದರೆ ವಾಪಸು ಬನ್ನಿ, ಅಂದಿದ್ದ ಮೊಯ್ದು.
ಬಿಳಿ. ತೆಳ್ಳಗಾಯಿತು.
ನೀಲಿಗೆ ಕಾದೆ, ಬರಲಿಲ್ಲ.

ಇಪ್ಪತ್ತೆರಡು ಸಾವಿರವೂ ಅಷ್ಟರಲ್ಲಿ
ತಣಿದು ಹದಿನಾರೂವರೆಯಾಗಿತ್ತು.
ಆರ್‌ಸಿ ಪುಸ್ತಕ ಕೊಡುವಾಗ ಅದರೊಳಗಿಂದ
ಒಂದು ಹಳೇ ಬಸ್ ಟಿಕೆಟ್ಟು ಬಿತ್ತು.
ಅದನ್ನು ಮಾತ್ರ ಜೇಬಿಗಿಟ್ಟುಕೊಂಡರು.

ಬೇತ್ರಿ. ಸೇತುವೆಯ ಕೆಳಗೆ ಕಾವೇರಿ
ಬಂಡೆಗಳ ನಡುವೆ ಇಷ್ಟಿಷ್ಟೇ.
ಹ್ಯಾಂಡಲ್ಲು ಎಡಕ್ಕೆ, ನಾನು ಬಲಕ್ಕೆ.
ಏರು. ಪಾಚಿ ಹಿಡಿದ ಮೈಲಿಗಲ್ಲು.
ಎರಡನೇ ಗೇರು
ಜಾರಿತು.

ಅಲ್ಲೇ. ಒಂದು ಗೇಣು ಆಚೆಯಿಲ್ಲ, ಈಚೆಯಿಲ್ಲ.
ಕ್ಲಚ್ಚು ಹಿಡಿದು ಮತ್ತೆ ಹಾಕಿದೆ. ಕೂತಿತು.
ಬೈಯಲಿಲ್ಲ.